ರೇವಪ್ಪನ ಬಲಗಾಲು

ಮೂರನೆಯ ಸಲ ಒತ್ತಿದರೂ ಮೊಣಕಾಲು ಮಡಚಲಿಲ್ಲ. ಕಾಶಿನಾಥ ತನ್ನ ಅಣ್ಣ ರೇವಪ್ಪನ ಕಾಲು ಬಿಟ್ಟು ಬೆವರು ಒರೆಸಿಕೊಂಡ.

"ಕಬ್ಬಿಣ ಆಗ್ಯಾದ. ಏನು ಮಾಡಬೇಕು ಹೇಳು ಧರ್ಮಣ್ಣ," ಎಂದ.

ಧರ್ಮಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷ ಜಹೀರಾಬಾದಿನ ಗ್ಯಾರೇಜಿನಲ್ಲಿ ಅವನ ಜೊತೆ ದುಡಿದ ರೇವಪ್ಪ, ಮೊಗುಡಂಪಲ್ಲಿಯ ತನ್ನ ಮನೆಯ ಪಡಸಾಲೆಯಲ್ಲಿ ಸೆಟೆದು ಮಲಗಿದ್ದ. ನಿನ್ನೆ ತಾಂಡೂರಿನ ಕಲ್ಲುಗಣಿಗೆ ಲಾರಿ ರಿಪೇರಿಗೆಂದು ಹೋದವನು ಅಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಲಿಂಗಾಯತರಲ್ಲಿ ಹೆಣವನ್ನು ಕೂರಿಸಿಯೇ ಮಣ್ಣು ಮಾಡಬೇಕು. ಜೀವ ಹೋದ ಕೂಡಲೇ ಕಾಲು ಮಡಚಿ ಗೋಡೆಗೆ ಆನಿಸಿ ಕೂರಿಸುವುದು ಸಣ್ಣ ಮಕ್ಕಳಿಗೂ ಗೊತ್ತು. ಸುದ್ದಿ ಕೇಳಿ ಅಲ್ಲಿಗೆ ಓಡಿದ ಕಾಶಿನಾಥ ಗಾಬರಿಯಲ್ಲಿ ಅದನ್ನು ಮರೆತು, ಅಣ್ಣನನ್ನು ಉದ್ದಕ್ಕೆ ಐಸ್ ಪೆಟ್ಟಿಗೆಯಲ್ಲಿ ಇಡಿಸಿ, ಇವತ್ತು ಮಧ್ಯಾಹ್ನ ತಂದಿದ್ದ.

"ಬುದ್ಧಿ ಎಲ್ಲಿ ಅಡ ಇಟ್ಟಿದ್ದಿ?" ಎಂದು ಧರ್ಮಣ್ಣ ಆಗಲೇ ಬೈದಾಗಿತ್ತು. ಬೈದರೆ ಕಾಲು ಮಡಚುತ್ತದೆಯೇ?

ಅಂತ್ಯಕ್ರಿಯೆ ಮಾಡಿಸಲು ಬಂದ ಅಯ್ಯನವರು ಬಾಗಿಲಲ್ಲಿ ನಿಂತಿದ್ದರು. "ಹೊತ್ತು ಮುಳುಗೋದ್ರಾಗ ಮಣ್ಣು ಆಗಬೇಕ್ರಿ. ಕಾಲು ಮುರೀರಿ. ಎಷ್ಟೋ ಮನ್ಯಾಗ ಮಾಡ್ಯಾರ. ಸತ್ತವರಿಗೆ ನೋವು ಇರಂಗಿಲ್ಲ."

ಕೂತವರೆಲ್ಲ ಧರ್ಮಣ್ಣನ ಕೈ ನೋಡಿದರು. ಅಲ್ಲಿ ಸುತ್ತಿಗೆ ಹಿಡಿದು ಬದುಕಿದವನು ಅವನೊಬ್ಬನೇ.

ರೇವಪ್ಪನ ಹೆಂಡತಿ ಜಗದೇವಿ ಗಂಡನ ತಲೆಯ ಹತ್ತಿರದಿಂದ ಏಳಲಿಲ್ಲ. "ಮುರೀಬ್ಯಾಡ ಧರ್ಮಣ್ಣ. ಆತ ಏನೂ ಮುರೀತಿದ್ದಿಲ್ಲ," ಎಂದಳು.

*

ಮುರಿಯುತ್ತಿರಲಿಲ್ಲ. ಅದೇ ತಾನೇ ಧರ್ಮಣ್ಣನ ಗೋಳು!

ಮೂರು ವರ್ಷದ ಹಿಂದೆ ನಾರಾಯಣಖೇಡದ ಸಂಜೀವ ಜೀಪು ತಂದಿದ್ದ. ಹಿಂದಿನ ಗಾಲಿ ತಿರುಗಿಸುವ ಶಾಫ್ಟಿನ ತುದಿಗೆ ನಾಲ್ಕು ತೋಳಿನ ಕ್ರಾಸ್ ಇರುತ್ತದೆ. ಶಾಫ್ಟು ಬಾಗಿ ತಿರುಗುವುದು ಅದರಿಂದಲೇ. ಅದು ಸವೆದಿತ್ತು, ಇಬ್ಬರೂ ಸೇರಿ ಹೊಸದನ್ನು ಕೂರಿಸಿದರು. ಬಿಗಿದುಕೊಂಡಿತು, ಅತ್ತಿತ್ತ ಅಲುಗಲಿಲ್ಲ.

"ಓಡಸ್ತಾ ಓಡಸ್ತಾ ಸಡಿಲ ಆಗ್ತದ, ಹಾಕಿ ಕೊಡ್ರಿ," ಎಂದ ಸಂಜೀವ.

ಹೊರಗೆ ಇನ್ನೆರಡು ಗಾಡಿ ಕಾಯುತ್ತಿದ್ದವು. ಧರ್ಮಣ್ಣ ದೊಡ್ಡ ಸುತ್ತಿಗೆ ಎತ್ತಿ ಕ್ರಾಸಿನ ತೋಳಿಗೆ ಟೊಪ್ಪಿಗೆಯಂತೆ ಹಾಕಿದ ಕಪ್ಪಿನ ಮೇಲೆಯೇ ಬಾರಿಸಿದ. ಅದು ಇನ್ನಷ್ಟು ಬಿಗಿಯಿತು.

ರೇವಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲ ಬಿಚ್ಚಿದ. ಕಪ್ಪಿನೊಳಗಿನ ಸೂಜಿಯಂಥ ಕಡ್ಡಿಗಳಲ್ಲಿ ಅಡ್ಡ ಬಿದ್ದ ಒಂದನ್ನು ಗ್ರೀಸ್ ಹಚ್ಚಿ ನಿಲ್ಲಿಸಿ, ಮತ್ತೆ ಕೂರಿಸಿದ. ಆಮೇಲೆ ಹಿತ್ತಾಳೆ ಸುತ್ತಿಗೆ ತೆಗೆದುಕೊಂಡು ಕ್ರಾಸ್ ಹಿಡಿದಿದ್ದ ಕವಲಿನ ಕಿವಿಗೆ ತಟ್ಟಿದ. ತಟ್ಟುವುದು, ಕೈಯಿಂದ ಆಡಿಸಿ ನೋಡುವುದು, ಮತ್ತೆ ತಟ್ಟುವುದು.

"ಕಪ್ಪು ಒಳಗ ಜಾಸ್ತಿ ಹೋಗ್ಯಾದ. ಕೂದಲೆಳಿಯಷ್ಟು ಹಿಂದ ಬಂದ್ರ ಸಾಕು. ಬಿಗಿದದ್ದಕ್ಕ ಹೊಡೀಬಾರದೋ, ಅದರ ಮಗ್ಗಲಿಗೆ ಹೇಳಬೇಕು."

ಎರಡು ತಾಸಿನ ಮೇಲೆ ಶಾಫ್ಟಿನ ತುದಿ ತನ್ನ ಭಾರಕ್ಕೆ ತಾನೇ ಬಾಗಿತು. ಕಾಯುತ್ತಿದ್ದ ಎರಡೂ ಗಾಡಿ ಅಷ್ಟರಲ್ಲಿ ಬೇರೆ ಗ್ಯಾರೇಜಿಗೆ ಹೋಗಿದ್ದವು. ಆ ದಿನವೆಲ್ಲ ಧರ್ಮಣ್ಣ ಅವನೊಂದಿಗೆ ಮಾತಾಡಲಿಲ್ಲ.

*

"ಬಿಸಿನೀರು ತರ್ರಿ," ಎಂದ ಧರ್ಮಣ್ಣ.

ಬಟ್ಟೆ ಅದ್ದಿ ಎರಡೂ ಮೊಣಕಾಲಿಗೆ ಸುತ್ತಿದ. ಮೊಣಕಾಲನ್ನು ಒತ್ತದೆ ತೊಡೆ ತಿಕ್ಕಿದ, ಮೀನಖಂಡ ತಿಕ್ಕಿದ. ಬೆರಳಷ್ಟು ಬಾಗಿಸಿ ಬಿಡುತ್ತಿದ್ದ, ಮತ್ತೆ ತಿಕ್ಕುತ್ತಿದ್ದ. ಒಂದು ತಾಸಿಗೆ ಎಡಗಾಲು ಮಡಚಿತು. ಬಲಗಾಲು ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

"ಸತ್ತರೂ ಹಟ ಬಿಡಬ್ಯಾಡ ನೀ," ಎಂದು ಧರ್ಮಣ್ಣ ಗೊಣಗಿದ. ಅವನಿಗೆ ಅಳು ಬರುತ್ತಿತ್ತು. ತಾಂಡೂರಿಗೆ ಜೊತೆಗೆ ಬಾ ಎಂದು ರೇವಪ್ಪ ಕರೆದಿದ್ದ. ನಿನ್ನ ಜೊತೆ ಬಂದರೆ ದಿನವೆಲ್ಲ ಹಾಳು ಎಂದು ಇವನೇ ಹೋಗಿರಲಿಲ್ಲ. ಹೋಗಿದ್ದರೆ ಅಲ್ಲೇ ಕೂರಿಸಿಬಿಡುತ್ತಿದ್ದ.

ಕಾಶಿನಾಥ ಒನಕೆ ತಂದು ಮುಂದೆ ಹಿಡಿದ. "ಬಿಸಿಲು ಮಾಳಗಿ ಏರ್ಯಾದ, ಹೊತ್ತು ಮುಳುಗಾಕ ಬಂತು. ಇನ್ನ ಕಾಯಾಕ ಆಗಂಗಿಲ್ಲ. ನನ್ನ ಕೈಲಿಂದ ಆಗಂಗಿಲ್ಲೋ, ನೀನೇ ಹೊಡಿ."

ಧರ್ಮಣ್ಣ ಒನಕೆ ತೆಗೆದುಕೊಂಡ. ಜಗದೇವಿ ಮುಖ ತಿರುಗಿಸಲಿಲ್ಲ, ಅವನನ್ನೇ ನೋಡುತ್ತಿದ್ದಳು. ಅವನು ಒನಕೆಯನ್ನು ಗೋಡೆಗೆ ಆನಿಸಿದ.

"ಅಯ್ಯನೋರೆ, ಲಿಂಗ ಹಿಡಿಯೋ ಕೈ ಸರಿ ಅದ. ಒಂದು ಕಾಲು ಚಾಚಿ ಕೂತ್ರ ಶಿವ ಎಬ್ಬಿಸಿ ಕಳಸ್ತಾನೇನ್ರಿ?"

ಅಯ್ಯನವರು ಹೆಣ ನೋಡಿದರು, ಬಿಸಿಲು ನೋಡಿದರು. "ಶಿವನದು ನಾ ಏನು ಹೇಳಲಿ. ಕುಣಿ ತೋಡಿ ಆಗ್ಯಾದಲ್ಲೋ ತಮ್ಮಾ, ಅದರಾಗ ಕಾಲು ಹಿಡ್ಯಾಂಗಿಲ್ಲ."

"ಹಿಡಿಯೋ ಹಂಗ ಮಾಡ್ತೀನ್ರಿ."

ಬಿರಬಿರನೆ ರೇವಪ್ಪನ ಹೊಲಕ್ಕೆ ನಡೆದ. ಕುಣಿ ತೋಡಿದ ಇಬ್ಬರು ಗುದ್ದಲಿ ತೊಳೆಯುತ್ತಿದ್ದರು. ಚಪ್ಪಲಿ ಬಿಟ್ಟು ಧರ್ಮಣ್ಣ ಕುಣಿಗೆ ಇಳಿದ. ತಳದಲ್ಲಿ ಬೆನ್ನು ಆನಿಸಿ ಕೂತು, ಎಡಗಾಲು ಮಡಚಿಕೊಂಡು, ಬಲಗಾಲು ಚಾಚಿದ. ಹಿಮ್ಮಡಿ ಹಸಿ ಮಣ್ಣಿನ ಗೋಡೆಗೆ ತಾಗಿ ಕಾಲು ಅರ್ಧಕ್ಕೇ ನಿಂತಿತು.

"ಇಲ್ಲಿಂದ ಒಂದು ಮೊಳ ತೋಡ್ರಿ," ಎಂದ. ಮತ್ತೆ ತನ್ನ ಕಾಲನ್ನೇ ನೋಡಿಕೊಂಡು, "ಇನ್ನೂ ನಾಲ್ಕು ಬೆರಳು ಜಾಸ್ತಿ ತೋಡ್ರಿ. ಆತ ನನಕಿಂತ ಉದ್ದ ಅದಾನ," ಎಂದ.