ಅತ್ತೆ ಕೊಟ್ಟ ಲೈನು

ನನ್ನ ವಾದ್ಯವನ್ನು ನೋಡಿದವರು ಮೊದಲು ಕೇಳುವುದು, "ಇದು ಯಾವಾಗ ಕೆಟ್ಟಿತು?" ಎಂದು. ಅದು ಕೆಟ್ಟಿಲ್ಲ, ಇರುವುದೇ ಹಾಗೆ. ಸೂಟ್‌ಕೇಸಿನಷ್ಟು ದೊಡ್ಡ ಮರದ ಪೆಟ್ಟಿಗೆ, ಅದರ ಮುಖದ ತುಂಬ ನಂಬರು ಚೀಟಿ ಅಂಟಿಸಿದ ನೂರಿಪ್ಪತ್ತು ತೂತು, ಕೆಳಗೆ ಸದ್ದು ಏರಿಳಿಸುವ ಗುಂಡಿಗಳು, ಒಂದು ತೂತಿನಿಂದ ಇನ್ನೊಂದಕ್ಕೆ ಸಿಕ್ಕಿಸಿದ ನಲವತ್ತೆರಡು ಬಣ್ಣಬಣ್ಣದ ವೈರು. ವೈರು ಎಲ್ಲಿಂದ ಎಲ್ಲಿಗೆ ಹೋಗಿದೆಯೋ ಅದೇ ಸಂಗೀತ. ಒಂದನ್ನು ಬದಲಿಸಿದರೆ ಗುಂಯ್ ಎನ್ನುತ್ತಿದ್ದದ್ದು ಕೊರ್ರ್ ಎನ್ನುತ್ತದೆ. ನನ್ನ ಗಂಡ ಇದಕ್ಕೆ 'ಮಿಕ್ಸಿ ಕಚೇರಿ' ಎಂದು ನಾಮಕರಣ ಮಾಡಿದ್ದಾರೆ. ಹಗಲೆಲ್ಲ ಅಂಗಡಿಯಲ್ಲಿ ಕೂತು ಕಿವಿ ಕೇಳದವರ ಯಂತ್ರ ರಿಪೇರಿ ಮಾಡುವವಳು, ಸಂಜೆ ಮನೆಗೆ ಬಂದು ಕೇಳುವ ಕಿವಿಗಳನ್ನು ಕೆಡಿಸುತ್ತಾಳೆ ಎಂಬುದು ಅವರ ದೂರು.

ಒಂಬತ್ತು ವರ್ಷ ಅರ್ಜಿ ಹಾಕಿ ಹಾಕಿ ಕೊನೆಗೂ ಒಂದು ಉತ್ಸವದವರು ಕರೆದರು. ಇಂಥ ವಿಚಿತ್ರ ಸದ್ದುಗಳಿಗೆಂದೇ ನಡೆಯುವ ಉತ್ಸವ. ದೂರದ ಊರು, ಮಧ್ಯಾಹ್ನ ಎರಡು ಗಂಟೆಗೆ, ಇಪ್ಪತ್ತು ನಿಮಿಷ. ಈ ಇಪ್ಪತ್ತು ನಿಮಿಷ ಕೆಟ್ಟರೆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಬಿಡುವುದು ಎಂದು ನಾನೇ ತೀರ್ಮಾನಿಸಿದ್ದೆ. ಮೂರು ತಿಂಗಳು ಕೂತು ವೈರು ಸಿಕ್ಕಿಸಿದೆ. ಎಲ್ಲವೂ ಕೂಡಿಬಂತು, ಮುಕ್ತಾಯ ಒಂದು ಬಿಟ್ಟು. ಅದು ಎಷ್ಟು ತಿಣುಕಿದರೂ ಹೊಳೆಯಲಿಲ್ಲ.

ಗಂಡನಿಗೆ ರಜೆ ಸಿಗಲಿಲ್ಲ. ಜೊತೆಗೆ ಹೊರಟವರು ನನ್ನ ಸೋದರತ್ತೆ, ಅಪ್ಪನ ಅಕ್ಕ. ಎಪ್ಪತ್ತೊಂದು ವರ್ಷ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದ ಊರುಗಳಿಗೆ ಟ್ರಂಕ್ ಕಾಲಿನ ಲೈನ್ ಜೋಡಿಸಿ ಕೊಡುತ್ತಿದ್ದವರು. ಊರಿನ ಹೆಸರು ಕೇಳಿದ್ದೇ ತಡ, ಚೀಲ ಕಟ್ಟಿ ಕೂತರು.

"ಆ ಊರಿಗೆ ದಿನಾ ಐವತ್ತು ಲೈನ್ ಕೊಟ್ಟಿದೀನಿ ಕಣೇ ಮರಿ. ಒಂದ್ಸಲನಾದ್ರೂ ನೋಡ್ಬೇಡ್ವಾ?"

ರೈಲಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ವೈರುಗಳು ಹೊರಗೆ ಚಾಚಿಕೊಂಡಿದ್ದರಿಂದ ಮುಚ್ಚಳ ಹಾಕುವಂತಿರಲಿಲ್ಲ. ಅತ್ತೆ ದಾರಿಯುದ್ದಕ್ಕೂ ಅದನ್ನೇ ನೋಡುತ್ತ ತಮ್ಮ ಕೆಲಸದ ಕಥೆ ಹೇಳಿದರು. ಅವರ ಎಕ್ಸ್‌ಚೇಂಜಿನಲ್ಲೂ ಹೀಗೇ ತೂತು, ವೈರುಗಳ ಹಲಗೆ ಇತ್ತಂತೆ. ಲೈನ್ ಕೊಡುವ ಮುಂಚೆ ವೈರಿನ ತುದಿಯನ್ನು ತೂತಿನ ಬಾಯಿಗೆ ಒಮ್ಮೆ ತಾಗಿಸಬೇಕಂತೆ. ಟಕ್ ಎಂದರೆ ಆ ಕಡೆ ಯಾರೋ ಮಾತಿನಲ್ಲಿದ್ದಾರೆ ಎಂದರ್ಥ. ಸುಮ್ಮನಿದ್ದರೆ ಒಳಗೆ ತಳ್ಳಬಹುದು. "ಮುಟ್ಟಿ ನೋಡ್ದೆ ತಳ್ಳಿದ್ರೆ ಇನ್ನೊಬ್ರ ಸಂಸಾರದ ಮಧ್ಯ ಹೋಗಿ ನಿಂತ ಹಾಗೆ" ಎಂದರು. ಮೂರು ನಿಮಿಷಕ್ಕೊಮ್ಮೆ ದೀಪ ಹತ್ತುತ್ತಿತ್ತಂತೆ, ಆಗ ಮಾತಾಡುತ್ತಿದ್ದವರನ್ನು ಮುಂದುವರಿಸಬೇಕೋ ಬೇಡವೋ ಎಂದು ಕೇಳಬೇಕಂತೆ. ನಾನು ಹೂಂಗುಟ್ಟುತ್ತ ತೂಕಡಿಸಿದೆ. ಕಿವಿಗೊಟ್ಟು ಕೇಳಬೇಕಿತ್ತು.

ಹನ್ನೆರಡಕ್ಕೆ ಲಾಡ್ಜ್ ಸೇರಿದೆವು. ಎರಡು ಮಂಚ, ಒಂದು ಕುಂಟು ಮೇಜು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಹೊರಗೆ ಬಂದು ನೋಡುತ್ತೇನೆ, ಮಂಚದ ಮೇಲೆ ನಲವತ್ತೆರಡೂ ವೈರುಗಳು ಬಣ್ಣದ ಪ್ರಕಾರ ಸಾಲಾಗಿ ಮಲಗಿವೆ. ಕೆಂಪು, ಹಳದಿ, ನೀಲಿ, ಹಸಿರು. ಒಂದೊಂದಕ್ಕೂ ಅಚ್ಚುಕಟ್ಟಾದ ಸುರುಳಿ. ಪೆಟ್ಟಿಗೆಯ ಮುಖ ಬೋಳು ಬೋಳು.

"ಯಾರೇ ಹೀಗೆ ಬಿಟ್ಟಿದ್ರು ಹಲಗೇನ? ಪಾಳಿ ಮುಗಿದ್ಮೇಲೆ ಒಂದು ವೈರೂ ಇರಬಾರ್ದು. ನಮ್ಮ ಸೂಪರ್‌ವೈಸರ್ ನೋಡಿದ್ರೆ ಮೆಮೋ ಕೊಡ್ತಿದ್ರು," ಎಂದು ಅತ್ತೆ ನಕ್ಕರು.

ಒಂದು ಸುರುಳಿ ಎತ್ತಿ ಬೋಳು ಪೆಟ್ಟಿಗೆಗೆ ಹಿಡಿದೆ, ಅದು ಯಾವ ತೂತಿನದೆಂದು ತಿಳಿಯಲಿಲ್ಲ.

"ಏನಾಯ್ತೇ? ಮತ್ತೆ ಹಾಕೋಕೆ ಎಷ್ಟು ಹೊತ್ತು ಬೇಕು?"

"ಮೂರು ತಿಂಗಳು!"

ಬರೆದಿಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳಬೇಡಿ, ಗಂಡ ಆಗಲೇ ಕೇಳಿಯಾಗಿದೆ. ಫೋನಿನಲ್ಲಿ ಒಂದು ಫೋಟೋ ಇತ್ತು. ಅದರಲ್ಲಿ ಕಾಣುತ್ತಿದ್ದದ್ದು ಬಾಚದ ತಲೆಯ ಸಿಕ್ಕು ಮಾತ್ರ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಬಾಯಿಗೆ ಬಂದದ್ದೆಲ್ಲ ಅಂದೆ. ಕೊನೆಗೆ, "ನಿಮ್ಮನ್ನ ಕರ್ಕೊಂಡು ಬಂದಿದ್ದೇ ತಪ್ಪು" ಎಂದೂ ಅಂದುಬಿಟ್ಟೆ. ಮುತ್ತು ಒಡೆದರೆ ಹೋಯ್ತು, ಮಾತು ಆಡಿದರೆ ಹೋಯ್ತು. ಅತ್ತೆಯ ಮುಖದ ನಗು ಇಳಿಯಿತು. ಸುರುಳಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದರು.

ಉತ್ಸವ ನಡೆಯುತ್ತಿದ್ದದ್ದು ಒಂದು ಹಳೆಯ ಗೋದಾಮಿನಲ್ಲಿ. ಎತ್ತರದ ತಗಡಿನ ಸೂರು, ಮುನ್ನೂರು ಕುರ್ಚಿ. ತುರುಬಿನಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಸಂಘಟಕಿಯ ಹತ್ತಿರ, ನನ್ನ ಸರದಿಯನ್ನು ನಾಳೆಗೆ ಹಾಕಿ ಎಂದು ಅಂಗಲಾಚಿದೆ. "ನಾಳೆ ಒಂದು ನಿಮಿಷಾನೂ ಖಾಲಿ ಇಲ್ಲ ಮೇಡಂ. ಇವತ್ತು ನುಡಿಸಿ, ಇಲ್ಲಾ ಬಿಡಿ," ಎಂದರು.

ಬಿಡುವುದಾದರೆ ಒಂಬತ್ತು ವರ್ಷ ನೀರಲ್ಲಿ ಹೋಮ. ಬೋಳು ಪೆಟ್ಟಿಗೆಯನ್ನೇ ಹೊತ್ತು ವೇದಿಕೆ ಹತ್ತಿದೆ. ಜನರೆದುರಿಗೇ ಮೊದಲಿಂದ ಕಟ್ಟುತ್ತೇನೆ, ಬಂದದ್ದು ಬರಲಿ ಎಂದುಕೊಂಡೆ. ಮೊದಲ ವೈರು ಸಿಕ್ಕಿಸಿದ ಮೇಲೆ ತಿಳಿಯಿತು, ಎರಡು ಕೈಯಲ್ಲಿ ಇದು ಆಗುವ ಕೆಲಸವಲ್ಲ. ಗುಂಡಿ ತಿರುಗಿಸುತ್ತಿದ್ದರೆ ವೈರು ಹಾಕಲಾಗದು, ವೈರು ಹುಡುಕುತ್ತಿದ್ದರೆ ಸದ್ದು ಸೋತು ಬೀಳುತ್ತದೆ. ಮುಂದಿನ ಸಾಲಿನಲ್ಲಿ ಒಬ್ಬಾತ ಆಕಳಿಸಿದ. ಅದು ನನಗೆ ಸ್ಪಷ್ಟವಾಗಿ ಕಂಡಿತು.

ಪಕ್ಕಕ್ಕೆ ನೋಡಿದೆ. ಪರದೆಯ ಅಂಚಿನಲ್ಲಿ ಅತ್ತೆ ನಿಂತಿದ್ದರು. ಎಡತೋಳಿನ ಮೇಲೆ ಬಣ್ಣಬಣ್ಣದ ವೈರುಗಳನ್ನು ಬಿಡಿಸಿ ಇಳಿಬಿಟ್ಟುಕೊಂಡಿದ್ದರು. ಕರೆದರೆ ಬರುತ್ತಾರೆ, ಕರೆಯದೆ ಬರುವುದಿಲ್ಲ. ಅವರ ಹಟ ನನಗೆ ಗೊತ್ತಿಲ್ಲವೇ? ನನ್ನ ಹಟವೂ ಅವರ ಕಡೆಯಿಂದಲೇ ಬಂದದ್ದು.

"ಅತ್ತೆ, ಒಂದು ಲೈನ್ ಕೊಡ್ತೀರಾ?"

ಅವರು ಬಂದು ನಿಂತರು, ಸೆರಗು ಸಿಕ್ಕಿಸಿಕೊಂಡರು. "ನಂಬರ್ ಹೇಳು."

"ಹದಿನೇಳರಿಂದ ತೊಂಬತ್ತಮೂರು."

ಅತ್ತೆ ಒಂದು ತುದಿಯನ್ನು ಹದಿನೇಳಕ್ಕೆ ಹಾಕಿದರು. ಇನ್ನೊಂದನ್ನು ತಳ್ಳಬೇಕಲ್ಲ, ತಳ್ಳಲಿಲ್ಲ. ಮೂವತ್ತು ವರ್ಷದ ಅಭ್ಯಾಸ, ತೊಂಬತ್ತಮೂರರ ಬಾಯಿಗೆ ಒಮ್ಮೆ ತಾಗಿಸಿದರು. ಟಕ್! ಗೋದಾಮಿನ ದೊಡ್ಡ ಸ್ಪೀಕರುಗಳಲ್ಲಿ ಆ ಸದ್ದು ಬಾಗಿಲು ಬಡಿದಂತೆ ಕೇಳಿತು. ನನ್ನ ಪೆಟ್ಟಿಗೆಯಲ್ಲಿ ಎಲ್ಲ ತೂತೂ ಟಕ್ ಎನ್ನುತ್ತದೆ, ತಳ್ಳಿ ಎಂದು ಸನ್ನೆ ಮಾಡಿದೆ. ಒಳಗೆ ತಳ್ಳಿದರು, ಗುಂಯ್ ಎಂದು ದನಿ ಹೊರಟಿತು. ಆಕಳಿಸುತ್ತಿದ್ದವನು ನೆಟ್ಟಗೆ ಕೂತ.

ನಾನು ಮುಂದಿನ ನಂಬರು ಕೂಗಿದೆ. "ನಾಲ್ಕರಿಂದ ಅರವತ್ತು!" ಟಕ್, ಗುಂಯ್. "ಐವತ್ತೆರಡರಿಂದ ಏಳು!" ಟಕ್ ಟಕ್. "ಬಿಜಿ ಇದೆ ಕಣೇ," ಎಂದು ಅತ್ತೆ ಗೊಣಗಿದರು. ಅದು ಮೈಕಿನಲ್ಲಿ ಕೇಳಿ ಜನ ನಕ್ಕರು. ಅವರ ಕೈ ಎಷ್ಟು ಚುರುಕೆಂದರೆ ನಾನು ನಂಬರು ಹೇಳುವುದೇ ತಡವಾಗತೊಡಗಿತು. ಟಕ್ಕುಗಳು ತಾಳವಾದವು, ನಾನು ಅದರ ಮೇಲೆ ಗುಂಡಿ ತಿರುಗಿಸುತ್ತ ಹೋದೆ. ಮೂರು ತಿಂಗಳು ಕಟ್ಟಿದ್ದರಲ್ಲಿ ಇಷ್ಟು ಜೀವವಿರಲಿಲ್ಲ, ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹತ್ತೊಂಬತ್ತನೆಯ ನಿಮಿಷಕ್ಕೆ ಸಂಘಟಕಿ ಕೆಂಪು ದೀಪ ತೋರಿಸಿದರು. ನಲವತ್ತೆರಡೂ ವೈರು ಕೂಗುತ್ತಿವೆ. ಮುಕ್ತಾಯ ಮಾತ್ರ ನನ್ನ ಹತ್ತಿರ ಇಲ್ಲ. ಅತ್ತೆಯೂ ದೀಪ ನೋಡಿದರು. ದೀಪ ಹತ್ತಿದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಕಿನ ಕಡೆ ಬಾಗಿ, ಎಕ್ಸ್‌ಚೇಂಜಿನ ಆ ನಯವಾದ ದನಿಯಲ್ಲಿ ಕೇಳಿದರು:

"ಮೂರು ನಿಮಿಷ ಆಯ್ತು. ಮುಂದುವರಿಸ್ಲಾ, ತೆಗೀಲಾ?"

ಸಭೆಯಲ್ಲಿ ತಲೆ ನರೆತವರು ಗೊಳ್ಳೆಂದು ನಕ್ಕರು. "ತೆಗೀರಿ ಅತ್ತೆ," ಎಂದೆ.

ಅತ್ತೆ ಒಂದೊಂದಾಗಿ ಕಿತ್ತರು. ಕಿತ್ತದ್ದನ್ನು ಬೆರಳಿಗೆ ಸುತ್ತಿ ತೋಳಿಗೆ ಹಾಕಿಕೊಂಡರು. ಒಂದೊಂದು ವೈರು ಹೋದ ಹಾಗೆಲ್ಲ ಒಂದೊಂದು ದನಿ ನಿಂತಿತು. ಕೊನೆಗೆ ಒಂದೇ ಒಂದು ಸಣ್ಣ ಗುಂಯ್ ಉಳಿಯಿತು. ಅದನ್ನು ಕೀಳುವ ಮುಂಚೆ ನನ್ನ ಕಡೆ ನೋಡಿದರು. ತಲೆಯಾಡಿಸಿದೆ. ಪಾಳಿ ಮುಗಿಯಿತು, ಹಲಗೆ ಖಾಲಿಯಾಯಿತು. ಆಮೇಲೆ ಬಿದ್ದ ಚಪ್ಪಾಳೆಗೆ ತಗಡು ನಡುಗಿತು.

ಸಂಘಟಕಿ ಓಡಿ ಬಂದು, ಮುಂದಿನ ವರ್ಷವೂ ಬರಬೇಕೆಂದು ನನ್ನ ಕೈ ಹಿಡಿದರು. "ನಮ್ಮತ್ತೇನ ಕೇಳಿ, ಅವರು ಬಂದ್ರೆ ನಾನು ಬರ್ತೀನಿ," ಎಂದೆ.

ಮೆಟ್ಟಿಲಿಳಿಯುವಾಗ ಅತ್ತೆಯ ತೋಳು ಹಿಡಿದುಕೊಂಡೆ. "ಕರ್ಕೊಂಡು ಬಂದಿದ್ದು ತಪ್ಪು ಅಂದೆನಲ್ಲ, ನನ್ನ ನಾಲಿಗೆಗೆ ಎರಡು ಬಾರಿಸಿ."

ಅತ್ತೆಗೆ ಅದು ಕೇಳಿಸಿತೋ ಇಲ್ಲವೋ. ಹಿಂತಿರುಗಿ, ಇನ್ನೂ ಎದ್ದು ನಿಂತೇ ಇದ್ದ ಜನರನ್ನು ನೋಡುತ್ತಿದ್ದರು. ಕಣ್ಣು ಒದ್ದೆಯಾಗಿತ್ತು.

"ಮೂವತ್ತು ವರ್ಷ ಈ ಊರಿಗೆ ಬೇರೆಯವರ ಮಾತೇ ಕಳಿಸ್ತಿದ್ದೆ ಕಣೇ," ಎಂದರು. "ಇವತ್ತು ನಂದೂ ಒಂದು ಕಾಲ್ ಹೋಯ್ತು."

ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಲವತ್ತೆರಡು ವೈರುಗಳನ್ನು ಇನ್ನೊಮ್ಮೆ ಎಣಿಸಿ ಚೀಲಕ್ಕೆ ಹಾಕಿದರು.