ಅಕ್ಕನ ಬ್ರೆಡ್ಡು, ತಂಗಿಯ ಹುಬ್ಬು

೧

ಇದನ್ನು ಎಲ್ಲಿಂದ ಶುರು ಮಾಡುವುದು? ಕಾಫಿಯಿಂದಲೋ, ಬ್ರೆಡ್ಡಿನಿಂದಲೋ? ಒಂದರಿಂದ ಶುರು ಮಾಡಿದರೆ ಇನ್ನೊಬ್ಬಳು ಮುಖ ಊದಿಸಿಕೊಳ್ಳುತ್ತಾಳೆ. (ಯಾರು ಎಂದು ಆಮೇಲೆ ಹೇಳುತ್ತೇನೆ. ಸ್ವಲ್ಪ ತಾಳಿ.)

ಪುರವಣಿಯ ಸಂಪಾದಕರು ಕೇಳಿದ್ದೇನೋ ಸರಳವಾಗಿತ್ತು: 'ನಮ್ಮ ಮಹಾನಗರದ ಅತ್ಯುತ್ತಮ ಕಾಫಿ ಶಾಪ್‌ಗಳು, ಬೇಕರಿ ಕೆಫೆಗಳು.' ಮೇಲೊಂದು ಫೋಟೊ, ಕೆಳಗೆ ವಿಳಾಸ, ನಡುವೆ ಬಾಯಲ್ಲಿ ನೀರೂರಿಸುವ ನಾಲ್ಕು ಮಾತು. "ದಯವಿಟ್ಟು ಈ ಸಲ ಕಥೆ ಕಟ್ಟಬೇಡಿ," ಎಂದು ಕೈ ಮುಗಿದೇ ಹೇಳಿದ್ದರು.

ಮೊದಲ ಡ್ರಾಫ್ಟು ಸಭ್ಯವಾಗಿಯೇ ಹೊರಟಿತು. ಹಳೇ ಪ್ರೆಸ್ ಕಟ್ಟಡದ ಮೇಲಿನ ಮಹಡಿಯ ಕೆಫೆ: ಲಿಫ್ಟು ಸದಾ ಕೆಟ್ಟಿರುತ್ತದೆ, ಏದುಸಿರು ಬಿಡುತ್ತ ಹತ್ತಿದವರಿಗೆ ಅಲ್ಲಿನ ತಣ್ಣನೆಯ ಕಾಫಿ ಸಾಕ್ಷಾತ್ ಅಮೃತ. ಕೋರ್ಟಿನ ಎದುರಿನ ಬೇಕರಿ: ಕೇಸು ಗೆದ್ದ ವಕೀಲರೂ ಸೋತ ವಕೀಲರೂ ಒಂದೇ ಟೇಬಲ್ಲಿಗೆ ಕೂತು ಒಂದೇ ಚಾಕೊಲೇಟ್ ಕೇಕ್ ಹಂಚಿಕೊಂಡು ತಿನ್ನುತ್ತಾರೆ. ರೈಲ್ವೆ ಸ್ಟೇಷನ್ ಹಿಂದಿನ ಪುಟ್ಟ ಅಂಗಡಿ: ಒಂದು ಕುರ್ಚಿಯಂತೆ ಇನ್ನೊಂದಿಲ್ಲ, ಆದರೆ ಅಲ್ಲಿನ ಬೆಣ್ಣೆ ಬಿಸ್ಕತ್ತು ಬಾಯಿಗಿಟ್ಟರೆ ರೈಲು ತಪ್ಪಿದ್ದಕ್ಕೂ ಬೇಜಾರಾಗುವುದಿಲ್ಲ. ಇವೆಲ್ಲ ಮನಸಾರೆ ಹೊಗಳಿದ್ದು, ಬಿಟ್ಟಿ ತಿಂಡಿಯ ಋಣಕ್ಕೆ ಬರೆದದ್ದಲ್ಲ.

ಆಮೇಲೆ ಬಸ್ ಡಿಪೋ ರಸ್ತೆಯ ಮೂಲೆ ಅಂಗಡಿಗೆ ಬಂದೆ. ಡ್ರಾಫ್ಟು ಅಲ್ಲೇ ಕೂತುಬಿಟ್ಟಿತು. ಅದರ ಜೊತೆಗೆ ನಾನೂ ಕೂತೆ.

೨

ಅದೊಂದು ಉದ್ದನೆಯ ಕೋಣೆ. ಎಡಗಡೆ ಓವನ್, ಬಲಗಡೆ ಕಾಫಿ ಮಿಷನ್, ನಡುವೆ ಗಿರಾಕಿಗಳು. ಓವನ್ ಅಕ್ಕನದು, ಮಿಷನ್ ತಂಗಿಯದು. ವಯಸ್ಸಿನಲ್ಲಿ ದೊಡ್ಡವರೂ ಅವರನ್ನು 'ಬ್ರೆಡ್ ಅಕ್ಕ', 'ಕಾಫಿ ತಂಗಿ' ಎಂದೇ ಕರೆಯುತ್ತಾರೆ.

ಆ ಕಾಫಿಯ ಬಗ್ಗೆ ಏನು ಹೇಳಲಿ? ಮೊದಲ ಗುಟುಕು ಕಹಿ ಎನಿಸುತ್ತದೆ, ಎರಡನೆಯದಕ್ಕೆ ಆ ಕಹಿಯೇ ಬೇಕೆನಿಸುತ್ತದೆ. ಹಾಲಿನ ನೊರೆ ಕೊನೆಯ ಗುಟುಕಿನವರೆಗೂ ಜೊತೆ ಬಿಡುವುದಿಲ್ಲ. ಇನ್ನು ಬ್ರೆಡ್ಡು: ಮೇಲಿನ ಪದರ ಮುರಿದರೆ ಪಕ್ಕದ ಟೇಬಲ್ಲಿಗೆ ಕೇಳಿಸಬೇಕು, ಒಳಗೆ ಮಾತ್ರ ಹತ್ತಿ. ಊರೆಲ್ಲ ಅಲೆದು, ಹೊಟ್ಟೆ ಬೆಳೆಸಿಕೊಂಡು ಬಂದವನ ಮಾತಿದು. ಇವರಿಬ್ಬರ ಕೈಗುಣಕ್ಕೆ ಸಾಟಿಯಾದದ್ದನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಇಲ್ಲಿಗೆ ಲೇಖನ ಮುಗಿಯಬೇಕಿತ್ತು. ಆದರೆ ಕಾಫಿ ತಂಗಿ ಆ ಬೆಳಿಗ್ಗೆ ಅಕ್ಕನನ್ನು ಬಿಟ್ಟು ಹೋಗುವುದೆಂದು ಮನಸ್ಸು ಮಾಡಿಕೊಂಡು ಬಂದಿದ್ದಳು. (ಸಂಪಾದಕರೇ, ನನ್ನ ತಪ್ಪೇನೂ ಇಲ್ಲ, ನೀವೇ ನೋಡುತ್ತಿದ್ದೀರಿ.)

೩

ಪಾರ್ಕಿನ ಎದುರು ಅವಳಿಗೊಂದು ಮಳಿಗೆ ಸಿಕ್ಕಿತ್ತು. ಗೋಡೆಯಗಲ ಕಿಟಕಿ, ಕಿಟಕಿಯಾಚೆ ಮರ. ಅಲ್ಲಿ ಬರೀ ಕಾಫಿ. ಬ್ರೆಡ್ಡಿಗೆ ಬಂದವರು ಜೊತೆಗೆ ಒಂದು ಕಪ್ ಇರಲಿ ಎನ್ನುವ ಹಂಗಿಲ್ಲ. ಮಧ್ಯಾಹ್ನದೊಳಗೆ ಹೂಂ ಅನ್ನದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಮಾಲೀಕ ಹೇಳಿದ್ದ.

ಅಕ್ಕನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಅವಳ ನೋಟ ಸಾಕಾಗಿತ್ತು. ಅಕ್ಕ ಓವನ್ನಿನಿಂದ ಬ್ರೆಡ್ ತೆಗೆದು, ಬೋರಲು ಹಾಕಿ, ತಳಕ್ಕೆ ಬೆರಳಗೆಣ್ಣಿನಿಂದ ತಟ್ಟುತ್ತಾಳೆ. ಬೆಂದಿದ್ದರೆ ಟೊಳ್ಳು ಸದ್ದು ಬರುತ್ತದೆ, ಹಸಿಯಿದ್ದರೆ ಮೊದ್ದು ಸದ್ದು. ಬೇಕರಿಯವರೆಲ್ಲ ಮಾಡುವ ಕೆಲಸವೇ. ಆದರೆ ಅಕ್ಕ ತಟ್ಟುವಾಗ ಬ್ರೆಡ್ಡನ್ನು ನೋಡುವುದಿಲ್ಲ, ತಂಗಿಯ ಮುಖವನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಾಳೆ.

"ಕೆಲಸ ಮಾಡ್ತಿದೀನೋ ಇಲ್ವೋ ಅಂತ ಕಾವಲು ಕಾಯ್ತಾಳೆ," ಎಂದು ತಂಗಿ ಕಿಟಕಿ ಪಕ್ಕದ ನಿವೃತ್ತ ಮೇಷ್ಟ್ರ ಹತ್ತಿರ ಗೊಣಗಿದ್ದಳು. "ಇಷ್ಟು ವರ್ಷ ಆದ್ಮೇಲೂ ನಂಬಿಕೆ ಇಲ್ಲ ಅಂದ್ರೆ ಹೇಗೆ ಹೇಳಿ ಮೇಷ್ಟ್ರೇ?"

ಮೇಷ್ಟ್ರು ಕಾಫಿ ಕುಡಿದರು. ಒಡಹುಟ್ಟಿದವರ ನಡುವೆ ಮೂಗು ತೂರಿಸುವವರ ಪೈಕಿ ಅವರಲ್ಲ.

ಹೋದ ವಾರ ಒಂದು ಬೆಳಿಗ್ಗೆ ತಂಗಿ ಹೇಳದೆ ಕೇಳದೆ ಆ ಮಳಿಗೆ ನೋಡಲು ಹೋಗಿದ್ದಳು. ಆವತ್ತಿನ ಬ್ರೆಡ್ಡು ಹೊರಗೆ ಹೊಂಬಣ್ಣ, ಒಳಗೆ ಹಸಿ ಹಿಟ್ಟು. ಗಿರಾಕಿಗಳು ವಾಪಸ್ ತಂದುಕೊಟ್ಟರು. "ಓವನ್ ಕೈ ಕೊಡ್ತು," ಎಂದಳು ಅಕ್ಕ. ರಿಪೇರಿಯವನು ಬಂದು, ಎಲ್ಲ ಬಿಚ್ಚಿ ನೋಡಿ, "ಇದಕ್ಕೇನು ದಾಡಿ, ಚೆನ್ನಾಗೇ ಇದೆ," ಎಂದು ಎರಡು ಬನ್ನು ತಿಂದು ಹೋದ. ತನ್ನ ಮೇಲಿನ ಸಿಟ್ಟಿಗೆ ಅಕ್ಕ ಕೆಲಸ ಕೆಡಿಸಿದ್ದಾಳೆ ಎಂದು ತಂಗಿ ತಿಳಿದಳು. ಹೋಗುವ ನಿರ್ಧಾರ ಗಟ್ಟಿಯಾದದ್ದು ಆವತ್ತೇ.

(ಓದುಗರೇ, ಸ್ವಲ್ಪ ಹತ್ತಿರ ಬನ್ನಿ. ತಂಗಿಗೆ ಗೊತ್ತಿಲ್ಲದ್ದೊಂದನ್ನು ನಿಮಗೆ ಹೇಳಿಬಿಡುತ್ತೇನೆ. ಅಕ್ಕನ ಕಿವಿ ಹೋಗಿದೆ. ಎದುರು ನಿಂತು ಆಡಿದ ಮಾತನ್ನು ತುಟಿ ನೋಡಿ ತಿಳಿಯುತ್ತಾಳೆ, ಬ್ರೆಡ್ಡಿನ ಸದ್ದು ಮಾತ್ರ ಅವಳಿಗೆ ಕೇಳಿಸುವುದಿಲ್ಲ. ಟೊಳ್ಳು ಸದ್ದು ಬಂದಾಗ ತಂಗಿಯ ಹುಬ್ಬು ತನ್ನಷ್ಟಕ್ಕೆ ಒಂಚೂರು ಮೇಲೇರುತ್ತದೆ. ಅದು ತಂಗಿಗೇ ಗೊತ್ತಿಲ್ಲ. ಅಕ್ಕ ಕಾವಲು ಕಾಯುತ್ತಿಲ್ಲ. ಹುಬ್ಬು ನೋಡಿ ಬ್ರೆಡ್ ಇಳಿಸುತ್ತಿದ್ದಾಳೆ.)

೩, ಮತ್ತೆ

"ಏನಿದು?"

ಕಾಫಿ ಹಿಡಿದು ಬಂದ ತಂಗಿ ನನ್ನ ಹಿಂದೆ ನಿಂತು ಮೇಲೆ ಆವರಣದೊಳಗೆ ಬರೆದದ್ದನ್ನು ಓದುತ್ತಿದ್ದಳು. ಪಾತ್ರಗಳು ಡ್ರಾಫ್ಟ್ ಓದಬಾರದು ಎಂಬ ಕಾನೂನು ಎಲ್ಲೂ ಇಲ್ಲವಲ್ಲ.

"ಇದನ್ನ ಇವರಿಗೆ ಹೇಳಿದ್ರಾ?" ಎಂದು ಕಣ್ಣಲ್ಲೇ ನಿಮ್ಮ ಕಡೆ ತೋರಿಸಿದಳು. ಹೌದು, ನಿಮ್ಮ ಕಡೆಗೇ. "ಯಾರೋ ಏನೋ, ಒಂದು ದಿನ ನಮ್ಮಂಗಡಿ ಕಾಫಿ ಕುಡಿದವರಲ್ಲ. ಅವರಿಗೆ ಮೊದಲು ಹೇಳ್ತೀರಿ, ಜೊತೆಗೆ ಹುಟ್ಟಿದವಳಿಗೆ ಆಮೇಲಾ?"

"ಕಥೆಯಲ್ಲಿ ಹಾಗೇನಮ್ಮಾ. ಓದುಗರಿಗೆ ಮೊದಲು, ಪಾತ್ರಕ್ಕೆ ಆಮೇಲೆ. ಈ ತಂತ್ರಕ್ಕೆ ಒಂದು ಹೆಸರೂ ಇದೆ."

"ನಿಮ್ಮ ತಂತ್ರಕ್ಕಿಷ್ಟು ಬೆಂಕಿ ಹಾಕ. ಇದು ನಿಜಾನಾ, ಇಲ್ಲಾ ನೀವು ಕಟ್ಟಿದ್ದಾ?"

ಕಟ್ಟುಕಥೆಯಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಅವಳು ಕಪ್ಪನ್ನು ಠಪ್ ಎಂದು ಇಟ್ಟು ಮಿಷನ್ ಹತ್ತಿರ ಹೋದಳು.

ಅಕ್ಕ ಓವನ್ ತೆರೆದಳು. ಒಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸಿ ತಟ್ಟಿದಳು. ಸದ್ದು ಕಿಟಕಿಯವರೆಗೆ ಬಂತು, ಒಳ್ಳೇ ಟೊಳ್ಳು ಸದ್ದು. ಅಕ್ಕ ತಂಗಿಯನ್ನು ನೋಡಿದಳು. ತಂಗಿ ಹಲ್ಲು ಕಚ್ಚಿ ಮುಖವನ್ನು ಬಿಗಿಹಿಡಿದಿದ್ದಳು, ಹುಬ್ಬು ಅಲುಗಲಿಲ್ಲ. ಅಕ್ಕ ಇನ್ನೊಮ್ಮೆ ತಟ್ಟಿದಳು. ಕಾದಳು. ಬ್ರೆಡ್ಡನ್ನು ಒಳಗಿಟ್ಟು ಬಾಗಿಲು ಹಾಕಿದಳು.

ಬೆಂದ ಬ್ರೆಡ್ಡನ್ನು ಮತ್ತೆ ಬೇಯಿಸಿದರೆ ಏನಾಗುತ್ತದೆಂದು ತಂಗಿಗೆ ಚೆನ್ನಾಗಿ ಗೊತ್ತು. ಅಕ್ಕ ಎರಡನೇ ಸಲ ತೆಗೆದಾಗ ಅಂಚು ಕಪ್ಪಾಗತೊಡಗಿತ್ತು. ತಟ್ಟಿದಳು. ಅವಳ ಕಣ್ಣಲ್ಲಿ ಈಗ ಗಾಬರಿಯಿತ್ತು, ಪರೀಕ್ಷೆಯಲ್ಲಿ ಓದಿದ್ದೆಲ್ಲ ಮರೆತವರ ಹಾಗೆ. ಮತ್ತೆ ಒಳಗಿಡಲು ಬಗ್ಗಿದಳು.

ತಂಗಿಯಿಂದ ತಡೆಯಲಾಗಲಿಲ್ಲ. "ಅಕ್ಕಾ!" ಎಂದು ಕೂಗಿದಳು. ಅಕ್ಕ ಬಗ್ಗಿಯೇ ಇದ್ದಳು. ತಂಗಿ ಓಡಿಹೋಗಿ ಅವಳ ಎದುರು ನಿಂತು ಹುಬ್ಬನ್ನು ಎಷ್ಟು ಮೇಲೇರಿಸಲು ಸಾಧ್ಯವೋ ಅಷ್ಟು ಮೇಲೇರಿಸಿದಳು. ಅಕ್ಕ ನಿಟ್ಟುಸಿರು ಬಿಟ್ಟು ಬ್ರೆಡ್ಡನ್ನು ಹಲಗೆಯ ಮೇಲಿಟ್ಟಳು.

೫

(ನಾಲ್ಕನ್ನು ತಂಗಿ ಹರಿದು ಹಾಕಿದಳು. ಅದರಲ್ಲಿ ಅವಳು ಅಳುತ್ತಿದ್ದಳು. "ಎಲ್ಲಾ ಬರೀಬೇಕು ಅಂತೇನಿಲ್ಲ," ಎಂದಳು.)

ಈಗ ಅಂತ್ಯದ ಮಾತು. ನನ್ನ ಬಳಿ ಕೆಲವು ಸ್ಟಾಕಿನಲ್ಲಿವೆ.

ಅಂತ್ಯ ಕ: ತಂಗಿ ಮಳಿಗೆಯ ಮಾಲೀಕನಿಗೆ ಬೇಡ ಎನ್ನುತ್ತಾಳೆ, ಕಣ್ಣೊರೆಸಿಕೊಂಡು ಹಾಲು ಕಾಯಿಸುತ್ತಾಳೆ.

"ನನ್ನ ತ್ಯಾಗದ ಗೊಂಬೆ ಮಾಡ್ಬೇಡಿ," ಎಂದಳು ತಂಗಿ, ಕಪ್ ತೊಳೆಯಲು ಸಿಂಕಿನ ಕಡೆ ಹೋಗುತ್ತ. "ನಾಳೆಯಿಂದ ಅವಳ ಮುಖ ನೋಡಿದಾಗೆಲ್ಲ ಆ ಕಿಟಕೀನೇ ನೆನಪಾಗುತ್ತೆ ನಂಗೆ."

ಅಂತ್ಯ ಖ: ತಂಗಿ ಹೋಗುತ್ತಾಳೆ. ಅಕ್ಕನಿಗೆ ಕಿವಿಗೆ ಹಾಕುವ ಮಿಷನ್ ಬರುತ್ತದೆ. ಎರಡೂ ಅಂಗಡಿಯಲ್ಲಿ ಜನ ಸಾಲುಗಟ್ಟುತ್ತಾರೆ.

"ಅದನ್ನ ತಂದಾಗಿದೆ," ಎಂದಿತು ಇನ್ನೊಂದು ದನಿ. ಆ ಸಾಲು ಓದಿದ ಅಕ್ಕ ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತ ನನ್ನೆದುರಿನ ಕುರ್ಚಿ ಎಳೆದು ಕೂತಳು, ನನ್ನ ತುಟಿ ಕಾಣುವ ಹಾಗೆ. "ಹಾಕ್ಕೊಂಡ್ರೆ ಓವನ್ ಫ್ಯಾನಿನ ಸದ್ದೇ ತಲೆ ತುಂಬಾ. ಡಬ್ಬದಲ್ಲಿ ಬಿದ್ದಿದೆ."

ಈ ಕುರ್ಚಿ ಎಳೆಯುವ ದೃಶ್ಯ ನನ್ನ ಯೋಜನೆಯಲ್ಲಿ ಇರಲಿಲ್ಲ. ಆದರೂ ಕೇಳಿದೆ, "ತಂಗಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವಳು ಹೋಗ್ತಿರ್ಲಿಲ್ಲ."

ಸಿಂಕಿನ ಹತ್ತಿರ ನಿಂತಿದ್ದ ತಂಗಿ ನಲ್ಲಿ ನಿಲ್ಲಿಸಿದಳು.

"ಅವಳು ಫೋನಿನಲ್ಲಿ ಮಾತಾಡೋದು ತುಟಿ ನೋಡಿ ತಿಳೀತು. ಪಾರ್ಕಿನ ಎದುರಿನ ಮಳಿಗೆ ನಾನೂ ನೋಡ್ಕೊಂಡು ಬಂದೆ," ಎಂದಳು ಅಕ್ಕ. ಬೆನ್ನ ಹಿಂದೆ ತಂಗಿ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ. "ಕಿಟಕಿ ತುಂಬಾ ಚೆನ್ನಾಗಿದೆ. ಬೆಳಿಗ್ಗೆ ಬಿಸಿಲು ಸೀದಾ ಕೌಂಟರ್ ಮೇಲೇ ಬೀಳುತ್ತೆ. ಅವಳ ಕಾಫಿಗೆ ಅಂಥ ಜಾಗನೇ ಬೇಕು ಸ್ವಾಮಿ. ನನ್ನ ಬ್ರೆಡ್ಡಿನ ಪಕ್ಕದಲ್ಲಿ ಇಟ್ಕೊಂಡು ಅದನ್ನ ಚಿಕ್ಕದು ಮಾಡಿದ್ದು ನಾನೇ. ನನ್ನ ಕಿವಿ ಕಟ್ಕೊಂಡು ಅವಳೇನು ಮಾಡ್ಬೇಕು?"

ನನಗೆ ಈ ಇಬ್ಬರ ಮೇಲೆ ಎಷ್ಟು ಅಭಿಮಾನ ಹುಟ್ಟಿತೆಂದರೆ, ಅಂತ್ಯ ಗ, ಘ ಎರಡನ್ನೂ ಓದದೆಯೇ ಹೊಡೆದು ಹಾಕಿದೆ.

ಅಕ್ಕ ಎದ್ದಳು. ಒಳಗೆ ಮುಂದಿನ ಟ್ರೇ ಇತ್ತು, ಬ್ರೆಡ್ಡು ಯಾರ ಸಂಕಟಕ್ಕೂ ಕಾಯುವುದಿಲ್ಲ. ಓವನ್ ಮುಂದೆ ಬಗ್ಗಿ ಗಾಜಿನೊಳಗೆ ಇಣುಕುತ್ತ ನಿಂತಳು. ತಂಗಿ ಮೆಲ್ಲಗೆ ಹೋಗಿ ಅವಳ ಹಿಂದೆ ನಿಂತಳು. ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡಳು. ಆಮೇಲೆ ಅಕ್ಕನ ಬೆನ್ನಿಗೆ ತನ್ನ ತೀರ್ಮಾನ ಹೇಳಿದಳು. ಒಂದೇ ಮಾತು. ನನಗೆ ಸ್ಪಷ್ಟವಾಗಿ ಕೇಳಿಸಿತು. ಮೇಷ್ಟ್ರಿಗೂ ಕೇಳಿಸಿರಬೇಕು, ಎತ್ತಿದ ಕಪ್ಪನ್ನು ಹಾಗೇ ಹಿಡಿದುಕೊಂಡಿದ್ದರು.

ನಿಮಗೆ ಹೇಳುವುದಿಲ್ಲ. (ಬೈಯುವುದಾದರೆ ಬೈಯಿರಿ, ಸಂಪಾದಕರೂ ಬೈಯಲಿ.) ಒಮ್ಮೆ ನಿಮಗೆ ಮೊದಲು ಹೇಳಿ ತಂಗಿಯಿಂದ ಬೈಸಿಕೊಂಡಾಗಿದೆ. ಈ ಮಾತನ್ನು ಮೊದಲು ತಿಳಿಯಬೇಕಾದವಳು ಅಕ್ಕ. ಅವಳು ಇನ್ನೂ ತಿರುಗಿಲ್ಲ.