ಸತ್ತೋನ ಸಂತಾನ

"ಸತ್ತೋಗದೆ ಕಣಮ್ಮಿ ಮುಂಡೆ, ಆಚ್ಗೆಸಿ! ಸತ್ತುದ್ದು ನಿಂದು!"

ಆಗಷ್ಟೇ ಭೂಮಿಗೆ ಬಿದ್ದ ಮರಿಯನ್ನು ಪಟೇಲ ಚಿನ್ನಸ್ವಾಮಿ ಕೋಲಿನ ತುದಿಯಿಂದ ಹೊರಳಿಸಿದರು. ಕೈಯಲ್ಲಿ ಮುಟ್ಟುವ ಮಾತೇ ಇಲ್ಲ. ಸತ್ತದ್ದನ್ನು ಎತ್ತಲಿಕ್ಕೆಂದೇ ಸತ್ತೇಗಾಲದಲ್ಲಿ ಕೆಳಗಿನ ಕೇರಿಯಿತ್ತು. ಆ ಕೇರಿಯ ವೀರಮ್ಮ ಪಟೇಲರ ಕುರಿಗಳನ್ನು ವಾರಕ್ಕೆ ಸಾಕುತ್ತಿದ್ದಳು. ವಾರವೆಂದರೆ ಹುಟ್ಟಿದ ಮರಿಗಳಲ್ಲಿ ಸಮಪಾಲು. ಪಟೇಲರು ಸಮನಾಗಿಯೇ ಹಂಚುತ್ತಿದ್ದರು: ಬದುಕಿದ್ದು ಅವರಿಗೆ, ಸತ್ತದ್ದು ಅವಳಿಗೆ. ಇಷ್ಟು ವರ್ಷ ಸಾಕಿದರೂ ತನ್ನದೆನ್ನಲು ಅವಳಿಗೆ ಒಂದು ಕುರಿಯೂ ಇರಲಿಲ್ಲ.

"ಆಯ್ತು ಬುದ್ದಿ" ಎಂದಳು. ಕೇರಿಯವರು ಒಡೆಯರನ್ನು ಕರೆಯುವುದೇ ಹಾಗೆ, ಅವರಿಗೆ ಅದು ಇರಲಿ ಬಿಡಲಿ.

ಮನೆಗೆ ತಂದು ಮರಿಯ ಮೂಗಿನ ಲೋಳೆ ಒರೆಸಿದಳು. ಹಿಂಗಾಲು ಹಿಡಿದು ತೂಗಿ, ಒಲೆಯ ಮುಂದೆ ಗೋಣಿಯಲ್ಲಿ ಸುತ್ತಿ, ಉಸಿರೂದಿದಳು. ಮರಿ ಸೀನಿತು. ಖಾರ ಅರೆಯುತ್ತಿದ್ದ ಗಂಡ ಮುತ್ತಯ್ಯನ ಕೈ ನಿಂತಿತು.

"ಅಮ್ಮೀ, ನಮ್ ಸಾರು ಕಣ್ ಬುಡ್ತಲ್ಲಾ!"

ಅದಕ್ಕೆ 'ಸತ್ತೋನು' ಎಂದೇ ಹೆಸರಿಟ್ಟರು. "ಸತ್ತೋ" ಎಂದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿತ್ತು. ಮೇಕೆ ಹಾಲು ಕುಡಿದು ಕೊಂಬು ಮೂಡಿಸಿಕೊಂಡು ಟಗರಾಯಿತು. ಪಟೇಲರ ಸ್ವಂತ ಟಗರು ಹುರುಳಿಗೆ ಮುಂದು, ಕುರಿಗೆ ಹಿಂದು. ಮೇಯುವ ಬಯಲಲ್ಲಿ ಆ ಕೆಲಸವನ್ನೆಲ್ಲ ಸತ್ತೋನೇ ಮುಗಿಸಿದ.

ಒಂದು ಬೆಳಿಗ್ಗೆ ಪಟೇಲರ ಮನೆ ಪಕ್ಕದ ಹಾಲಿನ ಡೈರಿ ಮುಂದೆ, ವೀರಮ್ಮ ಹಗ್ಗ ಹಿಡಿದು ತಂದಿದ್ದ ಟಗರು ಅವರ ಕಣ್ಣಿಗೆ ಬಿತ್ತು.

"ನನ್ ಕುರಿಗುಟ್ಟುದ್ದಂತೆ ಇದು? ಬದ್ಕಿದ್ದು ನಂದು. ತಂದು ದೊಡ್ಡಿಗ್ ಕಟ್ಟು."

ವೀರಮ್ಮ ಸೆರಗನ್ನು ಪಟೇಲರ ವಲ್ಲಿಯಂತೆ ಹೆಗಲಿಗೆಸೆದು, ಹೊಟ್ಟೆ ಮುಂದಕ್ಕೆ ತಂದು, ಗಂಟಲು ಕೆರೆದಳು.

"ಸತ್ತೋಗದೆ ಕಣಮ್ಮಿ ಮುಂಡೆ, ಆಚ್ಗೆಸಿ! ಸತ್ತುದ್ದು ನಿಂದು!"

ಒಳಗಿನಿಂದ ಪಟೇಲರ ಹೆಂಡತಿ ಮಹಾಲಕ್ಷ್ಮಮ್ಮನ ದನಿ ಬಂತು: "ಬೆಳಬೆಳ್ಗೆನೇ ಯಾರ್ನ ಬಯ್ತಿದ್ದರಿ?"

ಕ್ಯಾನು ಹಿಡಿದು ನಿಂತವರು ಕಿಸಕ್ಕೆಂದರು.

"ನಿಮ್ ಮಾತೇ ಬುದ್ದಿ. ಇದು ಸತ್ತೋಗದೆ. ಮುಟ್ಟುದ್ರೆ ಮೈಲಿಗೆ."

"ಕಣ್ಣೆದುರ್ಗೇ ಮೆಲುಕಾಕ್ತ ನಿಂತದಲ್ಲೇ!"

"ಅಂಗಾರೆ ಅವತ್ತು ಸುಳ್ ಯೋಳುದ್ರಾ ಬುದ್ದಿ?"

ಹಗ್ಗಕ್ಕೆ ನೀಡಿದ ಕೈಯನ್ನು ಪಟೇಲರು ಹಿಂದಕ್ಕೆಳೆದುಕೊಂಡರು.

"ಇನ್ನೊಂದ್ ಮಾತು. ನಿಮ್ ಕುರಿ ಅಷ್ಟೂ ಗಬ್ಬ ಆಗವೆ. ಎಲ್ಲಾ ಇವಂದೇಯ. ಸತ್ತೋನ್ ಮಕ್ಳು ಯಾರ್ ಪಾಲು ಬುದ್ದಿ?"

ನಗೆಗೆ ಯಾರದೋ ಕ್ಯಾನು ಉರುಳಿತು. ಪಟೇಲರು ಕೋಲೆತ್ತಿದರು. ಸಿಟ್ಟಿಗೆ ನಾಲಿಗೆ ತೊದಲಿತು.

"ಸತ್ತೋ... ಸತ್ತೋ... ಸತ್ತೋಯ್ತೀಯೆ ಮುಂಡೆ!"

ಹೆಸರು ಕೇಳಿದ ಟಗರು ಕಿವಿ ನಿಮಿರಿಸಿ, ಪಟೇಲರತ್ತ ಕೊಂಬು ತಗ್ಗಿಸಿತು.

ವೀರಮ್ಮ ಹಗ್ಗ ಬಿಟ್ಟಳು.